ಬೋಣಿ ಹೊತ್ತಿನ ಜಪಾನೀಸ್

ಊರಿಗಾಂನಿಂದ ಬಂಗಾರಪೇಟೆಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಆದರೆ ಅರುಣಕುಮಾರಿಯ ಪಾಠ ಬಂಗಾರಪೇಟೆ ತಲುಪಬೇಕಾದರೆ ಬೆಂಗಳೂರು ಸುತ್ತಿಕೊಂಡೇ ಹೋಗಬೇಕಿತ್ತು. ಬಂಗಾರಪೇಟೆಯ ಸಿರಿಮನೆ ಬಜಾರ್ ಎಂಬ ದೊಡ್ಡ ಅಂಗಡಿಯವರಿಗಾಗಿ ಆ ಪಾಠ, ಅದರ ಮುಖ್ಯ ಕಚೇರಿ ಬೆಂಗಳೂರಿನಲ್ಲಿತ್ತು. ಪಾಠ ಆನ್‌ಲೈನಿನಲ್ಲೇ ನಡೆಯಬೇಕು, ಕಚೇರಿಯವರು ಮನಸ್ಸು ಬಂದಾಗ ಇಣುಕಿ ನೋಡುವಂತಿರಬೇಕು ಎಂಬುದು ಅವರ ಷರತ್ತು. ಹೀಗಾಗಿ ಮೂರು ತಿಂಗಳಿಂದ ಅವಳು ಅಂಗಡಿಯ ಆರು ಜನ ಹೆಂಗಸರಿಗೆ ಜಪಾನೀಸ್ ಕಲಿಸುತ್ತಿದ್ದರೂ ಒಬ್ಬರನ್ನೂ ಎದುರಿಗೆ ಕಂಡಿರಲಿಲ್ಲ.

ಹೆದ್ದಾರಿಯ ಪಕ್ಕ ಹೊಸ ಕಾರ್ಖಾನೆ ಬಂದಿತ್ತು. ಅದರ ಜಪಾನಿ ಎಂಜಿನಿಯರುಗಳು ಹೆಂಡತಿ ಮಕ್ಕಳೊಡನೆ ಬಂದಿಳಿದು, ಅಕ್ಕಿ ಮೊಟ್ಟೆ ಸೋಪಿಗೆಂದು ಬಜಾರಿಗೆ ಬರುತ್ತಿದ್ದರು. ಅವರಿಗೆಂದೇ ಒಂದು ಕೌಂಟರ್ ಇಟ್ಟಿದ್ದರು. ಅಲ್ಲಿ ನಿಲ್ಲುವವರು ನಾಲ್ಕು ಮಾತು ಅವರ ಭಾಷೆ ಆಡಬೇಕು, ಸೊಂಟ ಬಗ್ಗಿಸಿ ನಮಸ್ಕರಿಸಬೇಕು, ದುಡ್ಡನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು. ಪಾಠ ಇಷ್ಟೇ. ಅರುಣಕುಮಾರಿಯೂ ಜಪಾನನ್ನು ಕಂಡವಳಲ್ಲ. ಹಿಂದೆ ಒಂದು ಕಂಪನಿಯಲ್ಲಿ ದುಭಾಷಿಯಾಗಿದ್ದಳು. ಆ ಕೆಲಸವನ್ನು ಫೋನೇ ಮಾಡತೊಡಗಿದ ಮೇಲೆ ಕಂಪನಿಯವರು ಒಂದು ಹೂಗುಚ್ಛ ಕೊಟ್ಟು ಕಳಿಸಿದ್ದರು. ಅದಕ್ಕೂ ಮುಂಚೆ ಶಾಲೆಯೊಂದು ಮುಚ್ಚಿತ್ತು, ಅದಕ್ಕೂ ಮುಂಚೆ ಗಂಡ ಬಿಟ್ಟು ಹೋಗಿದ್ದ. ಕೈಗೆ ಬಂದದ್ದು ಕೈಯಲ್ಲಿ ನಿಲ್ಲುವುದಿಲ್ಲ ಎಂಬುದು ಅವಳಿಗೆ ಅಭ್ಯಾಸವಾಗಿಹೋಗಿತ್ತು. ಸುಸ್ತು ಮಾತ್ರ ಬಿಡದೆ ಜೊತೆಗಿತ್ತು.

ಗಣಿ ಕಂಪನಿ ಕಟ್ಟಿದ ಹಳೆಯ ಲೈನ್ ಮನೆ ಅವಳದು. ಮುಂದಿನ ಕೋಣೆಯಲ್ಲಿ ತಾಯಿ ಅಮ್ಮಾಜಮ್ಮನ ಚಿಲ್ಲರೆ ಅಂಗಡಿ, ಹಿಂದಿನ ಕೋಣೆಯಲ್ಲಿ ಮಗಳ ಪಾಠ. ನಡುವೆ ಒಂದು ಪರದೆ. ಇತ್ತ ಮಗಳು, ‘ಗಿರಾಕಿ ಏನೂ ಕೊಳ್ಳದೆ ಹೊರಟರೂ ಬಗ್ಗಿ ನಮಸ್ಕರಿಸಿ, ದಯವಿಟ್ಟು ಮತ್ತೆ ಬನ್ನಿ ಅನ್ನಬೇಕು. ಮತ ಒಕೊಶಿ ಕುದಸಾಯ್’ ಎಂದು ಹೇಳಿಕೊಡುತ್ತಿದ್ದರೆ, ಅತ್ತ ತಾಯಿಯ ಗಂಟಲು ಏರುತ್ತಿತ್ತು.

‘ಬೋಣಿ ಒತ್ತು ಕಣಪ್ಪ, ಬರೀ ಕೈಲಿ ಓಗ್ಬ್ಯಾಡ. ಒಂದ್ ಬೆಂಕಿಪೊಟ್ಣನಾದ್ರೂ ತಕ್ಕೋ.’

ದಿನದ ಮೊದಲ ವ್ಯಾಪಾರ ಬೋಣಿ. ಮೊದಲ ಗಿರಾಕಿ ಬರಿಗೈಲಿ ಹೋದರೆ ಆ ದಿನವೇ ಬರಿದು ಎಂಬುದು ಅಮ್ಮಾಜಮ್ಮನ ನಂಬಿಕೆ. ಅವಳದೊಂದೇ ಅಲ್ಲ, ಕನ್ನಡ, ತೆಲುಗು, ತಮಿಳು ಮೂರೂ ಆಡುವ ಆ ಸೀಮೆಯ ಅಂಗಡಿಗಳೆಲ್ಲದರದು. ಅರುಣಕುಮಾರಿ ನಾಚಿ ಮೈಕ್ ಮುಚ್ಚುತ್ತಿದ್ದಳು. ಆರು ಮುಖಗಳಲ್ಲಿ ಒಂದು ಮಾತ್ರ ನಗುತ್ತಿತ್ತು. ಅದು ರಾಧಳದು.

ರಾಧ ಕಾಮಸಮುದ್ರದ ಆಚೆಯ ಹಳ್ಳಿಯವಳು, ನಲವತ್ತು ದಾಟಿದವಳು. ಬಜಾರಿಗೆ ಸೇರುವ ಮುಂಚೆ ಬಂಗಾರಪೇಟೆ ಮಾರ್ಕೆಟ್ಟಿನಲ್ಲಿ ಅತ್ತೆಯ ಜೊತೆ ಕೂತು ಸೊಪ್ಪು ಮಾರಿದ್ದಳು. ಪಾಠದಲ್ಲಿ ಎಲ್ಲರಿಗಿಂತ ನಿಧಾನ, ಆದರೆ ಒಂದು ದಿನವೂ ತಪ್ಪಿಸಿಕೊಂಡವಳಲ್ಲ. ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡೇ ಫೋನ್ ಕಿವಿಗಿಟ್ಟು ಧನ್ಯವಾದ ಹೇಳುವ ‘ಅರಿಗತೊ’ವನ್ನು ಗುನುಗಿ, ಕಂಡಕ್ಟರನ ಕೈಯಲ್ಲಿ ‘ಯಾರ್ಗಮ್ಮ ಬೈತಿದ್ದೀಯ’ ಅನ್ನಿಸಿಕೊಂಡಿದ್ದಳು.

ಅವಳಿಗೆ ಆ ಕೌಂಟರ್ ಬೇಕೇ ಬೇಕಿತ್ತು. ಕೌಂಟರಿನವರ ಕೆಲಸ ಸಂಜೆ ಐದೂವರೆಗೆ ಮುಗಿಯುತ್ತಿತ್ತು, ಊರಿನ ಕೊನೇ ಬಸ್ಸು ಸಿಗುತ್ತಿತ್ತು. ಪರೀಕ್ಷೆಯಲ್ಲಿ ಫೇಲಾದವರನ್ನು ಗೋಡೌನಿಗೆ ಹಾಕುತ್ತೇವೆ ಎಂದಿದ್ದರು. ಗೋಡೌನಿನ ಪಾಳಿ ಮುಗಿಯುವಷ್ಟರಲ್ಲಿ ಬಸ್ಸು ಹೋಗಿ ಊರು ಸೇರಿರುತ್ತಿತ್ತು. ಕೌಂಟರ್ ಹೋದರೆ ಬಸ್ಸು ಹೋಯಿತು, ಬಸ್ಸು ಹೋದರೆ ಕೆಲಸವೇ ಹೋಯಿತು.

ಪರೀಕ್ಷೆ ಮಾಡುವವರು ಕಾರ್ಖಾನೆಯ ಹಿರಿಯರಾದ ಮೊರಿತಾ ಎಂಬ ಜಪಾನಿ. ಸುಮ್ಮನೆ ಗಿರಾಕಿಯಂತೆ ಬರುತ್ತಾರೆ, ಕೊಳ್ಳಬಹುದು, ಕೊಳ್ಳದೆಯೂ ಹೋಗಬಹುದು. ಉಳಿದ ಐವರ ಪರೀಕ್ಷೆ ಸಂಜೆ ಹೊತ್ತು ನಡೆದು ಎಲ್ಲರೂ ಪಾಸಾಗಿದ್ದರು. ರಾಧಳ ಸರದಿ ಬಂದಾಗ ಅವರಿಗೆ ಸಂಜೆ ಬಿಡುವಿಲ್ಲವಾಗಿ, ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿ ತೆರೆಯುವಾಗಲೇ ಬರುತ್ತೇನೆ ಅಂದರು. ಸರಿ ಅಂದಳು ಅರುಣಕುಮಾರಿ. ಪರದೆಯಾಚೆ ತಾಯಿ ಬೋಣಿಗೆಂದು ಯಾರನ್ನೋ ಕೂಗುತ್ತಿದ್ದರೂ ಅವಳ ತಲೆಗೆ ಏನೂ ಹೊಳೆಯಲಿಲ್ಲ.

ಅಂದು ಅಂಗಡಿಯ ಮ್ಯಾನೇಜರ್ ನರೇಶ್ ಫೋನನ್ನು ಕೌಂಟರಿನ ಕಡೆ ತಿರುಗಿಸಿ ಹಿಡಿದಿದ್ದ. ಅರುಣಕುಮಾರಿ ನೋಡಬಹುದಿತ್ತು, ಮಾತಾಡುವಂತಿರಲಿಲ್ಲ. ಅವಳ ಮೈಕನ್ನು ಕಚೇರಿಯವರು ಬಂದ್ ಮಾಡಿದ್ದರು. ಷಟರ್ ಎದ್ದಿತು. ಗಲ್ಲಾದ ಮೇಲಿನ ಲಕ್ಷ್ಮಿ ಪಟಕ್ಕೆ ಹಚ್ಚಿದ ಊದುಬತ್ತಿ ಇನ್ನೂ ಅರ್ಧ ಉರಿದಿರಲಿಲ್ಲ, ಮೊರಿತಾ ಒಳಗೆ ಬಂದರು. ರಾಧ ಬಗ್ಗಿ ‘ಇರಶ್ಶೈಮಸೆ’ ಎಂದು ಸ್ವಾಗತಿಸಿದಳು. ಸೋಪು ಕೇಳಿದರು, ತೋರಿಸಿದಳು. ಬೆಲೆ ಕೇಳಿದರು, ತಡವರಿಸದೆ ಹೇಳಿದಳು. ಅರುಣಕುಮಾರಿಯ ಎದೆ ಹಗುರವಾಯಿತು. ಆಗ ಮೊರಿತಾ ಸೋಪನ್ನು ಕೆಳಗಿಟ್ಟು, ತಲೆಬಾಗಿಸಿ, ಬಾಗಿಲ ಕಡೆ ತಿರುಗಿದರು.

ರಾಧಳ ಮುಖ ಬಿಳಿಚಿಕೊಂಡಿತು. ಅವಳು ಪಟದ ಕಡೆ ನೋಡಿದಳು, ಬಾಗಿಲ ಕಡೆ ನೋಡಿದಳು, ಕೌಂಟರ್ ಬಿಟ್ಟು ಓಡಿದಳು.

‘ಬೇಡ ರಾಧಮ್ಮ, ಬಿಡಿ,’ ಎಂದು ಅರುಣಕುಮಾರಿ ಕೂಗಿದಳು. ಅದು ಪರದೆಯಾಚೆ ಅಮ್ಮಾಜಮ್ಮನಿಗೆ ಕೇಳಿಸಿತು, ಬಂಗಾರಪೇಟೆಗೆ ಕೇಳಿಸಲಿಲ್ಲ.

ರಾಧ ಮೊರಿತಾರ ಮುಂದೆ ಹೋಗಿ ದಾರಿಗೆ ಅಡ್ಡ ನಿಂತಳು. ಸ್ವಲ್ಪ ನಿಲ್ಲಿ, ಚೊತ್ತೊ ಮತ್ತೆ ಕುದಸಾಯ್. ಒಂದೇ ಒಂದು, ಹಿತೊತ್ಸು ದಾಕೆ. ದಮ್ಮಯ್ಯ, ಒನೆಗಾಯ್ ಶಿಮಸು. ಮೂರು ತಿಂಗಳು ಕಲಿಸಿದ್ದೆಲ್ಲ ಒಂದೂ ತಪ್ಪಿಲ್ಲದೆ ಬಂತು. ಒಂದು ಕಡಲೆಕಾಯಿ ಚಿಕ್ಕಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದಳು. ಮೊರಿತಾ ಗಾಬರಿಯಾಗಿ ಜೇಬಿಗೆ ಕೈ ಹಾಕಿ ನೋಟು ಕೊಟ್ಟರು. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಉಸಿರು ಬಿಟ್ಟಳು.

ಮೊರಿತಾ ಒಳ್ಳೆಯವರು, ಅದೇ ತೊಂದರೆ. ಈ ಹೆಂಗಸಿನ ಮಾತು ಚೆನ್ನಾಗಿದೆ ಎಂದು ಹೇಳಿದರು. ಆದರೆ ಹೊರಟ ಗಿರಾಕಿಗೆ ಅಡ್ಡ ನಿಲ್ಲುವುದು ತಮ್ಮವರಿಗೆ ಬಹಳ ಮುಜುಗರ ಎಂದೂ ಹೇಳಿದರು. ಕಚೇರಿ ಫೇಲು ಅಂದಿತು. ಅರುಣಕುಮಾರಿ ಬೆಳಗೆಲ್ಲ ಫೋನಿನಲ್ಲಿ ಬೇಡಿಕೊಂಡು, ಮಾರನೆಯ ದಿನಕ್ಕೆ ಇನ್ನೊಂದು ಅವಕಾಶ ಪಡೆದಳು. ಹೊತ್ತು ಮಾತ್ರ ಬದಲಾಗಲಿಲ್ಲ. ‘ನಾಳೆ ಪಾಸಾದರೆ ನಿಮ್ಮ ಬ್ಯಾಚ್ ಮುಗೀತು ಮೇಡಂ,’ ಎಂದರು ಕಚೇರಿಯವರು. ‘ಮುಂದಿನವರಿಗೆ ಆ್ಯಪ್‌ನಲ್ಲೇ ಕಲಿಸ್ತೀವಿ.’ ಅಂದರೆ ರಾಧ ಪಾಸಾದರೆ ಅರುಣಕುಮಾರಿಯ ಕೆಲಸವೂ ಮುಗಿಯಿತು. ಅವಳಿಗೆ ಸಿಟ್ಟು ಬರಬೇಕಿತ್ತು. ಅದಕ್ಕೂ ತ್ರಾಣ ಬೇಕಲ್ಲ.

ಸಂಜೆ ಬಸ್ಸಿನಲ್ಲಿದ್ದ ರಾಧಳಿಗೆ ಫೋನ್ ಮಾಡಿದಳು.

‘ನಾಳೆ ಅವರು ಹೊರಟರೆ ಸುಮ್ಮನೆ ಬಗ್ಗಿ ಕಳಿಸಿಬಿಡಿ ರಾಧಮ್ಮ. ಒಂದು ದಿನದ ಮಾತು.’

‘ಆಗಕಿಲ್ಲ ಮಿಸ್,’ ಅಂದಳು ರಾಧ. ಅವಳ ದನಿಯಲ್ಲಿ ಹಟವಿರಲಿಲ್ಲ, ಬಳಲಿಕೆಯಿತ್ತು. ‘ಮನಸ್ಗೆ ಏಳ್ತೀನಿ, ಕಾಲು ಕೇಳಕಿಲ್ಲ. ಬೋಣಿ ಒತ್ನಾಗೆ ಬರೀ ಕೈಲಿ ಕಳ್ಸಿದ್ರೆ ನಮ್ಮತ್ತೆ ಇಡೀ ದಿನ ಅನ್ನ ತಿಂತಿರ್ಲಿಲ್ಲ.’

‘ಅವರಿಗಿಂತ ಮುಂಚೆ ಬೇರೆ ಯಾರಾದರೂ ಬೋಣಿ ಮಾಡಿದರೆ?’

‘ಮಾಡಿದ್ರೆ ಆಯ್ತಲ್ಲ. ಆಮ್ಯಾಕೆ ಯಾರ್ ಓದ್ರೂ ಓಗ್ಲಿ. ಆದ್ರೆ ಕೆಲ್ಸದೋರು ಕೊಳ್ಳಂಗಿಲ್ಲ. ಅಷ್ಟೊತ್ಗೆ ಯಾರ್ ಬತ್ತಾರೆ ಮಿಸ್?’

ಮಾರನೆಯ ಬೆಳಿಗ್ಗೆ ಅರುಣಕುಮಾರಿ ಚಪ್ಪಲಿ ಮೆಟ್ಟುವಾಗ ಅಮ್ಮಾಜಮ್ಮ ಅಂಗಡಿಯ ಹಲಗೆ ತೆಗೆಯುತ್ತಿದ್ದಳು. ಮಗಳು ವಿಷಯ ಹೇಳಿದಳು.

‘ಊರ್ನೋರ್ ಅಂಗ್ಡೀಗೆ ಬೋಣಿ ಮಾಡಾಕ್ ಓಯ್ತೀಯ,’ ಅಂದಳು ಅಮ್ಮಾಜಮ್ಮ. ‘ಒಳ್ಳೇದಾಗ್ಲಿ ಓಗು.’

ಬಸ್ಸಿನಲ್ಲಿ ಅರುಣಕುಮಾರಿಗೆ ಹೊಸ ಅಂಜಿಕೆ ಹುಟ್ಟಿತು. ಬೋಣಿಗೆ ಕೈಗುಣವೂ ಬೇಕು. ಏನೂ ನಿಲ್ಲದ ತನ್ನ ಕೈ ಆ ಹೆಂಗಸಿನ ದಿನವನ್ನು ಕೆಡಿಸಿಬಿಟ್ಟರೆ? ಇಂಥದ್ದನ್ನೆಲ್ಲ ನಂಬುವವಳಲ್ಲ ಎಂದು ಅವಳು ಹೇಳಿಕೊಳ್ಳುತ್ತಿದ್ದಳು. ನಂಬದೆ ಇದ್ದರೆ ಈ ಬಸ್ಸು ಯಾಕೆ ಹತ್ತುತ್ತಿದ್ದಳು?

ಅಂಗಡಿಯ ಮುಂದೆ ಮೊರಿತಾರ ಕಾರು ಆಗಲೇ ಬಂದು ನಿಂತಿತ್ತು. ಷಟರ್ ಸೊಂಟದ ಮಟ್ಟಕ್ಕೆ ಏಳುತ್ತಿದ್ದಂತೆ ಅರುಣಕುಮಾರಿ ಅದರಡಿಯಲ್ಲಿ ತೂರಿಕೊಂಡು ಒಳಗೆ ನುಗ್ಗಿದಳು. ನರೇಶ್ ಬಾಯಿ ತೆರೆದು ನೋಡಿದ. ಅವಳು ಕೈಗೆ ಸಿಕ್ಕಿದ ಅರಿಶಿನದ ಪೊಟ್ಟಣ ಹಿಡಿದು ಕೌಂಟರಿನ ಮುಂದೆ ಏದುಸಿರು ಬಿಡುತ್ತ ನಿಂತಳು.

ರಾಧ ಒಂದು ಗಳಿಗೆ ಕಣ್ಣು ಕಿರಿದು ಮಾಡಿದಳು. ‘ಮಿಸ್ಸಾ? ಇಷ್ಟ್ ಕುಳ್ಳಗಿದ್ದೀರಾ?’

‘ಕ್ಯಾಮರಾದಲ್ಲಿ ಕಾಲು ಕಾಣಲ್ಲ ರಾಧಮ್ಮ. ಬೋಣಿ ತಗೊಳ್ಳಿ.’

ಅವಳು ಚಾಚಿದ ನೋಟನ್ನು ರಾಧ ಎರಡೂ ಕೈಯಲ್ಲಿ ತೆಗೆದುಕೊಂಡಳು. ಕಣ್ಣಿಗೊತ್ತಿಕೊಂಡಳು. ಅವಳ ಭುಜ ಇಳಿದದ್ದು ಅರುಣಕುಮಾರಿಗೆ ಕಂಡಿತು. ಗಂಟೆಗಟ್ಟಲೆ ಪಾಠ ಹೇಳಿದಾಗಲೂ ಆ ಭುಜಗಳು ಹಾಗೆ ಇಳಿದಿರಲಿಲ್ಲ.

ಮೊರಿತಾ ಬಂದರು. ಸೋಪು ಕೇಳಿದರು, ಬೆಲೆ ಕೇಳಿದರು, ಈ ಸಲವೂ ಕೆಳಗಿಟ್ಟು ಹೊರಟರು. ಬಾಗಿಲ ಹತ್ತಿರ ಸ್ವಲ್ಪ ಬೇಗಬೇಗನೇ ಹೆಜ್ಜೆ ಹಾಕಿದರು ಅನ್ನಿ. ರಾಧ ನಿಂತಲ್ಲೇ ಸೊಂಟ ಬಗ್ಗಿಸಿ, ನಿರಾಳವಾಗಿ, ಮತ್ತೆ ಬನ್ನಿ ಎಂದಳು. ಮೊರಿತಾ ತಿರುಗಿ ಇನ್ನೂ ಆಳವಾಗಿ ಬಗ್ಗಿದರು. ಪಾಸು.

ನರೇಶ್ ಕಚೇರಿಗೆ ಫೋನ್ ಮಾಡಿದ. ಮಾತು ಮುಗಿದ ಮೇಲೆ ಅರುಣಕುಮಾರಿಯ ಮುಖ ನೋಡದೆ, ಪಾಠದ ಲಿಂಕ್ ಇವತ್ತಿನಿಂದ ಬಂದ್ ಅಂತೆ ಮೇಡಂ ಎಂದ. ಅವಳು ತಲೆಯಾಡಿಸಿ ಬ್ಯಾಗು ಹೆಗಲಿಗೇರಿಸಿದಳು. ರಾಧ ಬಾಗಿಲ ತನಕ ಬಂದಳು.

‘ನಾಳೆ ಬೆಳಿಗ್ಗೆ ಬಂದೋರು ಏನೂ ತಕ್ಕೊಳ್ದೆ ಓದ್ರೆ ಮಿಸ್?’

ಅರುಣಕುಮಾರಿ ಬಸ್ಸು ನಿಲ್ಲುವ ಕಡೆ ನೋಡಿದಳು. ದಿನಾ ಬಸ್ಸು ಹತ್ತಿ ಬಂದು ಅರಿಶಿನ ಕೊಳ್ಳುವುದಕ್ಕೆ ಆಗುತ್ತದೆಯೇ? ‘ಬಗ್ಗಿ ಕಳಿಸಬೇಕು ರಾಧಮ್ಮ,’ ಎಂದಳು. ಹೇಳುವಾಗ ತನ್ನ ಮೇಲೇ ಬೇಸರವಾಯಿತು.

‘ಉಂ,’ ಅಂದಳು ರಾಧ. ‘ಬಸ್ಸಾದ್ರೂ ಸಿಕ್ತದೆ ಬಿಡಿ.’

ಆಮೇಲೆ ಸೀರೆಯ ಸೆರಗು ಸರಿಮಾಡಿಕೊಂಡು, ಕೈಗಳನ್ನು ಮುಂದೆ ಜೋಡಿಸಿ, ಮೆಲ್ಲಗೆ ಬಗ್ಗಿದಳು. ಆ ಬಗ್ಗುವಿಕೆಯನ್ನು ಪಕ್ಕದ ಬೇಕರಿಯವರು ನಿಂತು ನೋಡಿದರು.

‘ಮತ ಒಕೊಶಿ ಕುದಸಾಯ್.’

ಮೂರು ತಿಂಗಳಲ್ಲಿ ಆರು ಬಾಯಿಗಳಿಂದ ಅರುಣಕುಮಾರಿ ಮತ್ತೆ ಬನ್ನಿ ಎಂಬ ಆ ಮಾತನ್ನು ಕೇಳುತ್ತಲೇ ಇದ್ದಳು, ತಿದ್ದುತ್ತಲೇ ಇದ್ದಳು. ನಿಜವಾಗಿ ಬನ್ನಿ ಎಂದು ಅದನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಕಂಪನಿಯೂ ಹೇಳಿರಲಿಲ್ಲ, ಶಾಲೆಯೂ ಹೇಳಿರಲಿಲ್ಲ, ಗಂಡನಂತೂ ಹೇಳಿರಲಿಲ್ಲ. ಮತ್ತೆ ಬರುವುದಕ್ಕೆ ಈಗ ಒಂದು ಕಾರಣವೂ ಉಳಿದಿರಲಿಲ್ಲ.

‘ಬತ್ತೀನಿ ರಾಧಮ್ಮ,’ ಎಂದು ಹೇಳಿ, ಅರಿಶಿನದ ಪೊಟ್ಟಣ ಹಿಡಿದುಕೊಂಡು ಊರಿಗಾಂ ಬಸ್ಸಿನ ಕಡೆ ನಡೆದಳು.