ನಂಬರು ಇಳಿದ ದಿನ

ಇಳಿಯಲಿ, ಇಳಿಯಲಿ ಎಂದು ಕೂತಲ್ಲಿ ನಿಂತಲ್ಲಿ ಬೇಡಿಕೊಂಡ ತರಕಾರಿಯವಳು ಈ ಮಾರ್ಕೆಟ್ಟಿನಲ್ಲಿ ನಾನೊಬ್ಬಳೇ ಇರಬೇಕು. ಟೊಮೆಟೊ ಬೆಲೆಯಲ್ಲ, ನನ್ನ ಮಗಳ ರಕ್ತದಲ್ಲಿದ್ದ ಒಂದು ನಂಬರು.

ಮಗಳನ್ನು ಇಲ್ಲಿ ಎಲ್ಲರೂ ಕರೆಯುತ್ತಿದ್ದುದೇ ರೇಡಿಯೋ ಎಂದು. ಸಂಜೆ ಶಾಲೆ ಮುಗಿಸಿ ಬಂದು ಖಾಲಿ ಕ್ರೇಟಿನ ಮೇಲೆ ಕೂತರೆ ಮುಗಿಯಿತು, ಬಾಯಿಗೆ ಬಿಡುವಿಲ್ಲ. ಚೌಕಾಸಿ ಮಾಡುವ ಗಿರಾಕಿ ಬೆನ್ನು ತಿರುಗಿಸಿದ್ದೇ ತಡ, ಅವರದೇ ದನಿ, ಅವರದೇ ಮೂತಿ: "ಇಷ್ಟು ಬಾಡಿರೋ ಬೀನ್ಸಿಗೆ ಇಷ್ಟೊಂದಾ ತಾಯಿ?" ಪಕ್ಕದ ಅಂಗಡಿಯ ಈರುಳ್ಳಿ ಮಾವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಇವಳಿಂದ ನನ್ನ ವ್ಯಾಪಾರಾನೇ ಮುಳುಗತ್ತೆ ನೋಡು" ಎಂದು ನಾನು ಗೊಣಗುತ್ತಿದ್ದೆ. ಒಳಗೊಳಗೇ ಎಷ್ಟು ಹಿಗ್ಗುತ್ತಿದ್ದೆ ಎನ್ನುವುದು ನನಗೇ ಗೊತ್ತು.

ಹೋದ ವರ್ಷ ಬೀದಿಯ ಮಕ್ಕಳಿಗೆಲ್ಲ ಒಂದು ವೈರಸ್ ಜ್ವರ ಬಂತು. ಎಲ್ಲರಿಗೂ ಬಿಟ್ಟಿತು. ನನ್ನ ಮಗಳಿಗೆ ಮಾತ್ರ ಮೆದುಳಿಗೆ ಏರಿತು. ಆಸ್ಪತ್ರೆಯಿಂದ ಬಂದವಳು ಬಲಗಾಲು ಎಳೆದು ನಡೆಯುತ್ತಿದ್ದಳು. ಒಂದು ಪದಕ್ಕೂ ಇನ್ನೊಂದಕ್ಕೂ ನಡುವೆ ಹುಡುಕಾಡುತ್ತಿದ್ದಳು. ಅಣಕಿಸುವುದಂತೂ ನಿಂತೇ ಹೋಯಿತು.

"ನರ ಹಾಳಾದಾಗ ಅದರೊಳಗಿನ ಒಂದು ಪ್ರೋಟೀನ್ ಸೋರಿ ರಕ್ತಕ್ಕೆ ಸೇರುತ್ತೆ" ಎಂದರು ನರದ ಡಾಕ್ಟರಮ್ಮ. ವಯಸ್ಸಿನಲ್ಲಿ ಚಿಕ್ಕವರು, ಮಾತಿನಲ್ಲಿ ಸಮಾಧಾನಿ. "ಅದು ಎಷ್ಟಿದೆ ಅಂತ ಆಗಾಗ ನೋಡ್ತಾ ಇರೋಣ. ಈಗ ತುಂಬಾ ಜಾಸ್ತಿ ಇದೆ. ಇಳೀಬೇಕು."

ಅವರು ಇನ್ನೂ ಏನೇನೋ ಹೇಳಿದರು. ನನ್ನ ತಲೆಗೆ ಹೋದದ್ದು ಇಷ್ಟೇ: ನಂಬರು ಇಳಿದರೆ ನನ್ನ ರೇಡಿಯೋ ವಾಪಸ್ಸು. ಹುಟ್ಟಿದಾಗಿನಿಂದ ರೇಟು ನೋಡಿಕೊಂಡೇ ಬದುಕಿದವಳು ನಾನು. ರೇಟು ಇಳಿದದ್ದು ಕೈಗೆ ಸಿಗುತ್ತದೆ ಎನ್ನುವುದು ಬಿಟ್ಟರೆ ಬೇರೆ ಲೆಕ್ಕ ನನಗೆಲ್ಲಿ ಬರಬೇಕು?

ಅಲ್ಲಿಯವರೆಗೆ ಅವಳನ್ನು ಮಾರ್ಕೆಟ್ಟಿಗೆ ಕರೆತರಲಿಲ್ಲ. ನನ್ನ ಅಕ್ಕನ ಮನೆಯಲ್ಲಿ ಬಿಟ್ಟು ಬರುತ್ತಿದ್ದೆ. ಅವಳ ಕಾಲು ನೋಡಿ ಯಾರಾದರೂ "ಅಯ್ಯೋ ಪಾಪ" ಎಂದರೆ ತಕ್ಕಡಿ ಎತ್ತಿ ಎಸೆದುಬಿಡುತ್ತೇನೆ ಎನ್ನುವ ಭಯ ನನಗೆ. "ನಂಬರು ನಾರ್ಮಲ್ ಆಗ್ಲಿ ಪುಟ್ಟಿ, ಆಮೇಲೆ ಮೊದಲಿನ ಥರಾನೇ ನೀನೂ ಅಂಗಡೀಲಿ ಕೂತ್ಕೋ" ಎಂದಿದ್ದೆ. ಒಂದೊಂದು ಟೆಸ್ಟಿಗೂ ನಂಬರು ಇಳಿಯಿತು. ರಿಪೋರ್ಟು ಬಂದ ಸಂಜೆ ನಾನು ಅಕ್ಕನ ಮನೆಯ ಬಾಗಿಲು ತೆಗೆದರೆ ಸಾಕು, "ಅಮ್ಮ... ಎಷ್ಟಕ್ಕೆ... ಬಂತು?" ಎನ್ನುತ್ತಿದ್ದಳು. ತಾಯಿಯ ಬುದ್ಧಿಯೇ ಮಗಳಿಗೂ.

ಆ ದಿನ ಡಾಕ್ಟರಮ್ಮ ನಗುನಗುತ್ತಾ ರಿಪೋರ್ಟು ತಿರುಗಿಸಿ ತೋರಿಸಿದರು. "ನಾರ್ಮಲ್ ಅಮ್ಮ. ಬೇರೆ ಮಕ್ಕಳಲ್ಲಿ ಎಷ್ಟಿರುತ್ತೋ ಅಷ್ಟೇ."

ನಾನು ಮಗಳ ಕಡೆ ತಿರುಗಿದೆ. "ಎಲ್ಲಿ, ಈರುಳ್ಳಿ ಮಾವ ಹೇಗೆ ಕೂಗ್ತಾನೆ ತೋರ್ಸು."

ಅವಳು ಬಾಯಿ ತೆರೆದಳು. ತುಟಿ ಅಲುಗಾಡಿತು. "ಈರುಳ್ಳಿ..." ಎಂದು ನಿಂತಳು. ಮತ್ತೆ "ಈರುಳ್ಳಿ" ಎಂದಳು. ಅದು ಅವಳದೇ ದನಿಯಾಗಿತ್ತು, ನಿಧಾನದ, ದಣಿದ ದನಿ.

ನನ್ನ ಸಿಟ್ಟು ನೆತ್ತಿಗೇರಿತು. "ಏನ್ರೀ ನಾರ್ಮಲ್ಲು? ಎಲ್ಲಿದೆ ನಾರ್ಮಲ್ಲು? ಹಾಗಾದ್ರೆ ನನ್ನ ಮಗಳೆಲ್ಲಿ?"

ಡಾಕ್ಟರಮ್ಮ ಬೇಸರಿಸಿಕೊಳ್ಳಲಿಲ್ಲ. ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. "ನರ ಹಾಳಾಗೋದು ನಿಂತಿದೆ ಅಂತ ಈ ನಂಬರು ಹೇಳುತ್ತೆ. ಹಾಳಾಗಿದ್ದು ಸರಿಹೋಯ್ತು ಅಂತ ಹೇಳಲ್ಲ. ವ್ಯಾಯಾಮ ಬಿಡಬೇಡಿ, ಮಾತಿನ ಪಾಠ ಬಿಡಬೇಡಿ, ಇನ್ನೂ ಸ್ವಲ್ಪ ಸುಧಾರಿಸ್ತಾಳೆ. ಪೂರ್ತಿ ಮೊದಲಿನ ಹಾಗೆ ಅಂತ ನಾನು ಸುಳ್ಳು ಹೇಳಲಾರೆ. ಬ್ಲಡ್ ಟೆಸ್ಟ್ ಮಾತ್ರ ಇನ್ನು ಬೇಡ."

ಬೇಡ ಎಂದರೆ? ಟೆಸ್ಟ್ ಇದ್ದಷ್ಟು ದಿನ ಕಾಯುವುದಕ್ಕೆ ಏನೋ ಒಂದು ಇತ್ತು. ನಂಬರು ಜಾಸ್ತಿ ಇದ್ದಾಗಲೇ ನಾನು ಸುಖವಾಗಿದ್ದೆ ಅನಿಸಿಬಿಟ್ಟಿತು. "ಇನ್ನೊಂದೇ ಒಂದ್ಸಲ ತಗೊಂಡು ನೋಡಿ ಮೇಡಂ" ಎಂದೆ. "ಎಲ್ಲೋ ತಪ್ಪಾಗಿರುತ್ತೆ. ಇನ್ನೂ ಇಳಿಯೋದಿರಬಹುದು. ನಿಮ್ಮ ಕಾಲಿಗೆ ಬೀಳ್ತೀನಿ."

ಪಕ್ಕದಲ್ಲಿ ಏನೋ ಸರಿದಾಡಿತು. ಸೂಜಿ ಎಂದರೆ ಇಡೀ ಆಸ್ಪತ್ರೆಗೆ ಕೇಳಿಸುವಂತೆ ಅರಚುವ ನನ್ನ ಮಗಳು ತಾನಾಗಿಯೇ ಅಂಗಿಯ ತೋಳು ಮೇಲಕ್ಕೆ ಸರಿಸಿ, ಕೈಯನ್ನು ಮೇಜಿನ ಮೇಲೆ ಚಾಚಿದ್ದಳು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು.

"ತಗೊಳ್ಳಿ... ಡಾಕ್ಟರ್" ಎಂದಳು. "ಅಮ್ಮಂಗೆ... ನಾನು... ಸಾಲಲ್ವಂತೆ."

ಡಾಕ್ಟರಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದರು. ನಾನು ಅವಳ ಅಂಗಿಯ ತೋಳನ್ನು ಕೆಳಕ್ಕೆ ಎಳೆದು ಗುಂಡಿ ಹಾಕಿದೆ. "ನಡಿ ಪುಟ್ಟಿ" ಎಂದೆ. "ಅಂಗಡಿಗೆ ಹೋಗೋಣ."

ಮಾರ್ಕೆಟ್ಟಿನ ಉದ್ದಕ್ಕೂ ಅವಳ ಕಾಲಿನ ವೇಗಕ್ಕೇ ನಡೆದೆವು. ನೋಡುವವರು ನೋಡಿದರು. ಅಂಗಡಿಯಲ್ಲಿ ಅವಳನ್ನು ನನ್ನ ಪಕ್ಕದಲ್ಲೇ ಕೂರಿಸಿಕೊಂಡೆ. ಒಬ್ಬ ಗಿರಾಕಿ ಬಂದು ಬೀನ್ಸ್ ಹೇಗೆ ಎಂದು ಅವಳನ್ನು ಕೇಳಿದ. ಉತ್ತರ ತಡವಾಯಿತು. ಅವನು ನನ್ನತ್ತ ನೋಡಿದ. ರೇಟು ನನ್ನ ನಾಲಿಗೆಯ ತುದಿಯಲ್ಲೇ ಇತ್ತು.

ಆ ಹಳೆಯ ವಾಚಾಳಿ ಬೇಕು ಎಂದು ಜೀವ ಈಗಲೂ ಬಡಿದುಕೊಳ್ಳುತ್ತದೆ, ಸುಳ್ಳೇಕೆ ಹೇಳಲಿ. ಆದರೆ ಆಗ ನಾನು ಬಾಯಿ ತೆರೆಯಲಿಲ್ಲ.

"ಇರಿ" ಎಂದಳು ಮಗಳು ಅವನಿಗೆ. "ನಾನೇ... ಹೇಳ್ತೀನಿ."

ಅವನು ಚೀಲ ಕೆಳಗಿಟ್ಟ. ಇಬ್ಬರೂ ಕಾದೆವು.