ಕ್ರೀಟಿಗೆ ಮುಂಚಿನ ತೊಂಬತ್ತು ದಿನ

ವಾರ್ನಿಶ್ ವಾಸನೆ ಬಂದರೆ ಸಾಕು, ಕಲಾವತಿಗೆ ಗದಗಿನ ಶಾಲೆಯ ಗೋಡೆಗೆ ತೂಗುಬಿಟ್ಟಿದ್ದ, ವಾರ್ನಿಶ್ ಬಳಿದ ಭೂಪಟ ನೆನಪಾಗುತ್ತಿತ್ತು. ಅದರ ನೀಲಿಯೊಳಗೆ ಕ್ರೀಟ್ ದ್ವೀಪ ಒಂದು ಚವಳಿಕಾಯಿಯಷ್ಟಿತ್ತು. ಅವಳಿಗೆ ಅರವತ್ತೆಂಟು ತುಂಬಿದ ಮೇಲೆ, ಪರದೇಶದಲ್ಲಿ ತಾವು ನೆಲೆಸಿದ ಪಿಕರಿಂಗ್ ಊರಿನ ಮನೆಯಲ್ಲಿ ಕೂತು, ಗಂಡ ಚನ್ನವೀರಪ್ಪ ಅಲ್ಲಿಗೆ ಟಿಕೆಟ್ ತೆಗೆಸಿದರು. 2013ರ ಮೇ ತಿಂಗಳು, ಹನ್ನೆರಡು ದಿನ. ಹಾಳುಬಿದ್ದ ಅರಮನೆ, ಕಾಡುಮೇಕೆಗಳ ಕಣಿವೆ, ಗುಲಾಬಿ ಮರಳಿನ ದಂಡೆ.

ಪ್ರಯಾಣದ ಇನ್ಶೂರೆನ್ಸಿಗೆ ಒಂದು ಕರಾರಿತ್ತು. ಹೊರಡುವ ಮುಂಚಿನ ತೊಂಬತ್ತು ದಿನ ಚನ್ನವೀರಪ್ಪ ನುಂಗುತ್ತಿದ್ದ ಹೃದಯದ ಗುಳಿಗೆ ಬದಲಾಗಬಾರದು. ಬದಲಾದರೆ, ಪ್ರಯಾಣದಲ್ಲಿ ಹೃದಯಕ್ಕೇನಾದರೂ ಆದರೆ ಆಸ್ಪತ್ರೆಯ ಖರ್ಚು ಕೊಡುವುದಿಲ್ಲ. ಇಲ್ಲಿಯ ನಿವೃತ್ತರಿಗೆಲ್ಲ ಇದು ಬಾಯಿಪಾಠ.

ಮಾರ್ಚಿನಲ್ಲಿ ಬೇಸ್‌ಮೆಂಟಿನ ಮೆಟ್ಟಿಲು ಹತ್ತುವಾಗ ಚನ್ನವೀರಪ್ಪ ಎದೆ ಹಿಡಿದು ನಿಂತರು. ಡಾಕ್ಟರ ಹತ್ತಿರ ಹೋಗೋಣ ಎಂದಳು ಕಲಾವತಿ.

"ಹೋದ್ರ ಗುಳಿಗಿ ಬದಲಸ್ತಾನ. ಆಮ್ಯಾಲೆ ನಿನ್ನ ಅರಮನಿ ಟೀವಿಯೊಳಗ ನೋಡ್ಕೋತ ಕೂಡು. ಗ್ಯಾಸ್ ಅದ, ಅಜವಾನ ಕೊಡು."

ಅವಳು ಅಜವಾನ ಹುರಿದು ಕೊಟ್ಟಳು. ಗ್ಯಾಸ್ ಅಲ್ಲವೆಂದು ಗೊತ್ತಿತ್ತು. ಓಕ್‌ವಿಲ್‌ನಿಂದ ಮಗಳು ನೀನಾ ಫೋನ್ ಮಾಡಿದಾಗಲೆಲ್ಲ, ಅಪ್ಪ ಆರಾಮ ಇದ್ದಾರೆ ಅಂದಳು. ತೊಂಬತ್ತು ದಿನ ಎಣಿಸಲು ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಎಳೆಯುತ್ತಿದ್ದವಳು, ನೋವು ಬಂದ ದಿನವೂ ಎಳೆದಳು.

ಅರವತ್ತೊಂದನೆಯ ದಿನ, ಕಸದ ಡಬ್ಬಿ ರಸ್ತೆಗೆ ಎಳೆಯುತ್ತ ಅವರು ಬಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರು, ಮೊದಲೇನಾದರೂ ನೋವಿತ್ತೇ ಎಂದು ಕೇಳಿದರು. ಓಡಿಬಂದಿದ್ದ ನೀನಾ ತಾನೇ ಉತ್ತರ ಕೊಟ್ಟಳು, ಇರಲಿಲ್ಲವೆಂದು. ಆಮೇಲೆ ತಾಯಿಯ ಕಡೆ ತಿರುಗಿದಳು. "ಇರ್ಲಿಲ್ಲಲ್ಲಾ, ಅಮ್ಮಾ? ಯೂ ಟೋಲ್ಡ್ ಮೀ."

ಇರಲಿಲ್ಲ ಅಂದುಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಗಳಾದರೂ ತನ್ನವಳಾಗಿ ಉಳಿಯುತ್ತಿದ್ದಳು.

"ಆರು ವಾರದಿಂದ ಇತ್ತು," ಎಂದಳು ಕಲಾವತಿ. "ನನಗ ಗೊತ್ತಿತ್ತವಾ. ಆ ದ್ವೀಪ ನೋಡೋ ಆಸೆ ನಂದು."

ಡಾಕ್ಟರು ಬರೆಯುವುದನ್ನು ನಿಲ್ಲಿಸಿ, ಕುರ್ಚಿಯೊಂದನ್ನು ಸದ್ದಾಗದಂತೆ ಅವಳ ಹಿಂದೆ ಸರಿಸಿದರು. ಆಗಲೇ ಬಂದಿದ್ದರೆ ರಕ್ತನಾಳ ತೆರೆಯಬಹುದಿತ್ತು. ಈಗ ಹೃದಯದ ಬಹುಭಾಗ ಸತ್ತಿದೆ, ಎಚ್ಚರವಾಗುವ ಭರವಸೆ ಕಡಿಮೆ ಎಂದರು. ನೀನಾ ಎದ್ದು ಹೋದಳು.

ಕಲಾವತಿ ಗಂಡನ ತಣ್ಣನೆಯ ಪಾದಗಳನ್ನು ಹೊದಿಕೆಯೊಳಗೆ ಸೇರಿಸಿ ಕೂತಳು. ಮಗಳ ಕೋಟು ಕುರ್ಚಿಯ ಮೇಲಿರಲಿಲ್ಲ. ಇನ್ನು ಬರುವುದಿಲ್ಲ ಅಂದುಕೊಂಡಳು.

ಒಂದು ಗಂಟೆ ಕಳೆದ ಮೇಲೆ ನೀನಾ ಬಂದಳು. ಕಣ್ಣು ಊದಿದ್ದವು. ತಾಯಿಯ ಮುಖ ನೋಡಲಿಲ್ಲ. ತಂದಿದ್ದ ಊಟದ ಕಾಗದದ ಡಬ್ಬಿಯ ಮುಚ್ಚಳ ತೆಗೆದು, ಬಿಸಿ ಅನ್ನ-ಬೇಳೆ ಕಲಸಿ, ಚಮಚ ಇಟ್ಟು, ಅವಳ ಕೈಗೆ ಕೊಟ್ಟಳು.