ನಾಲ್ಕನೇ ಮಹಡಿಯ ಚಾದರ

"ನಿಮಗೆ ಹೇಳೋದೂ ಒಂದೇ, ಈ ಗೋಡೆಗೆ ಹೇಳೋದೂ ಒಂದೇ," ಎಂದು ಪಿಂಚಣಿ ಕಂಪನಿಯವನು ಕೈಲಿದ್ದ ಕಾಗದಗಳನ್ನು ಒದ್ದೆ ಮೇಜಿನ ಮೇಲೆ ಕುಕ್ಕಿದ. "ಮಾರ್ಕೆಟ್ ಬಿತ್ತು. ನಿಮ್ಮ ದುಡ್ಡೂ ಬಿತ್ತು. ಅಷ್ಟೇ. ಬಟ್ಟೆ ಒಗೆಯೋ ತಲೆಗಳಿಗೆ ಇದಕ್ಕಿಂತ ಸುಲಭ ಮಾಡಿ ಹೇಳೋಕೆ ನನ್ನಿಂದಾಗಲ್ಲ."

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ನಾವು ಹನ್ನೊಂದು ಹೆಂಗಸರು. ಮೇಲಿನ ವಾರ್ಡುಗಳ ರಕ್ತ, ಕೀವು, ವಾಂತಿ ಎಲ್ಲ ಗಂಟು ಕಟ್ಟಿಕೊಂಡು ನಮ್ಮ ಬಳಿಗೇ ಬರುತ್ತದೆ. ಸಂಬಳದಲ್ಲಿ ಹಿಡಿದ ನಮ್ಮ ಪಿಂಚಣಿ ಹಣ ಸರ್ಕಾರದ ಖಜಾನೆಯಲ್ಲೇ ಇರಬೇಕೆಂಬ ಕಾನೂನು ಮೊದಲಿತ್ತು. ಹಣಕಾಸು ಮಂತ್ರಿ ಅದನ್ನು ಸಡಿಲಿಸಿದ. ಖಾಸಗಿಯವರು ಆ ಹಣವನ್ನು ಷೇರುಪೇಟೆಯಲ್ಲಿ ಇಷ್ಟ ಬಂದ ಕಡೆ ಹೂಡಬಹುದು, ಯಾರೂ ತಪಾಸಣೆಗೆ ಬರುವುದಿಲ್ಲ ಎಂದಾಯಿತು. ಮರುವಾರವೇ ಹುಟ್ಟಿಕೊಂಡು ನಮ್ಮ ಹಣ ಹೊತ್ತೊಯ್ದ ಕಂಪನಿ ಮಂತ್ರಿಯ ಅಳಿಯನದು. ಇದೇನೂ ಗುಟ್ಟಲ್ಲ. ಉದ್ಘಾಟನೆಯ ಟೇಪನ್ನು ಮಾವನೇ ಕತ್ತರಿಸುವ ಚಿತ್ರ ಪೇಪರಿನಲ್ಲಿ ಬಂದಿತ್ತು.

ಮುಂದಿನ ತಿಂಗಳು ನಿವೃತ್ತಿಯಾಗಬೇಕಿದ್ದ ದೊಡ್ಡಕ್ಕ ಕೈ ಒರೆಸಿಕೊಂಡು ಮುಂದೆ ಬಂದಳು. ಮೂವತ್ತೊಂದು ವರ್ಷ ಇಸ್ತ್ರಿ ಯಂತ್ರದ ಹಬೆ ಕುಡಿದ ಅವಳ ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ.

"ಸ್ವಾಮಿ, ನಮ್ಮ ದುಡ್ಡು ಮುಳುಗ್ತು. ನಿಮ್ಮ ಕಮಿಷನ್ನೂ ಮುಳುಗ್ತಾ?"

"ಅದು ಶುಲ್ಕ ಕಣಮ್ಮ. ನಷ್ಟ ಆದ್ರೂ ಕೊಡಲೇಬೇಕು ಅಂತ ಒಪ್ಪಂದ ಇದೆ."

"ಹಂಗಾದ್ರೆ ದೋಣಿ ಮುಳುಗಿದ್ರೂ ನಿಮ್ಮ ಚಡ್ಡಿ ನೆನೀಲಿಲ್ಲ ಅನ್ನಿ."

ನಾವು ನಕ್ಕೆವು. ಅವನು ಕೆಂಡವಾದ. "ಬಾಯಿಗೆ ಬೀಗ ಹಾಕ್ಕೋ ಮುದುಕಿ! ಇನ್ನೊಂದೈದು ವರ್ಷ ದುಡಿ, ಮಾರ್ಕೆಟ್ ಎದ್ದೇಳುತ್ತೆ," ಎಂದು ಎದ್ದು ಹೋದ. ಆಮೇಲೆ ಯಾರಿಗೂ ನಗು ಬರಲಿಲ್ಲ. ದೊಡ್ಡಕ್ಕ ಗೋಡೆಗೆ ತಿರುಗಿ ನಿಂತು ಬಹಳ ಹೊತ್ತು ಒಂದೇ ಟವೆಲನ್ನು ಮಡಚುತ್ತಿದ್ದಳು.

ಊರೆಲ್ಲ ಕೂಗಾಡಿದ ಮೇಲೆ ಸರ್ಕಾರ ತನಿಖೆ ಶುರು ಮಾಡಿತು. ಹಾಜರಾಗಬೇಕಾದ ದಿನ ಬೆಳಿಗ್ಗೆ ಸರಿಯಾಗಿ ಮಂತ್ರಿಗೆ ಎದೆನೋವು ಬಂತು. ನಮ್ಮ ಆಸ್ಪತ್ರೆಯ ನಾಲ್ಕನೇ ಮಹಡಿಯ ವಿಶೇಷ ಕೋಣೆಯಲ್ಲಿ ಬಂದು ಮಲಗಿದ.

ಮೇಲ್ವಿಚಾರಕ ಓಡಿ ಬಂದ. "ಸಾಹೇಬರ ಚಾದರ ದಿನಕ್ಕೆರಡು ಸಲ ಬದಲಾಗ್ಬೇಕು. ಬೇರೆ ರೋಗಿಗಳ ಬಟ್ಟೆ ಜೊತೆ ಹಾಕಬೇಡಿ. ಒಂದು ಕೂದಲು ಸಿಕ್ಕಿದ್ರೂ ಸಂಬಳ ಕಟ್, ಕೊಳಕು ಮುಂಡೇರಾ!"

ಮೊದಲ ಗಂಟು ಬಿಚ್ಚಿದರೆ ಹುರಿದ ಮಾಂಸದ ಎಣ್ಣೆ, ಹೆಂಡದ ಕಲೆ, ಸಿಗರೇಟು ಸುಟ್ಟ ತೂತು.

"ಪಾಪ, ಎದೆನೋವು ಹೊಟ್ಟೆಗೆ ಇಳಿದಿದೆ ಕಣ್ರೇ," ಎಂದೆ ನಾನು.

"ಇದನ್ನ ನಾನು ಒಗೆಯಲ್ಲ," ಎಂದಳು ದೊಡ್ಡಕ್ಕ. ಆ ಎಣ್ಣೆಗಲೆಯ ಮೇಲೆಯೇ ಇಸ್ತ್ರಿ ಹೊಡೆದು, ಅಂಚಿಗೆ ಅಂಚು ಕೂಡಿಸಿ ಮಡಚಿ, ನಾಲ್ಕನೇ ಮಹಡಿಗೆ ಹೊತ್ತು ಹೊರಟಳು. ಅವಳೊಬ್ಬಳನ್ನೇ ಕಳಿಸಲು ಮನಸ್ಸಾಗದೆ ನಾನೂ ಹಿಂದೆ ಹೊರಟೆ.

ಕೋಣೆಯ ಬಾಗಿಲಲ್ಲಿ ಕಾವಲಿದ್ದ ಪೇದೆ ತಡೆದ. "ಈಗ ಬೇಡಮ್ಮ. ತನಿಖೆ ಮಾಡೋ ದೊಡ್ಡ ಸಾಹೇಬ್ರು ಒಳಗಿದಾರೆ. ವಿಚಾರಣೆ ನಡೀತಿದೆ."

ಒಳಗಿನಿಂದ ಇಬ್ಬರು ಗಂಡಸರ ನಗು ಕೇಳಿಸಿತು. ಪೇದೆಯ ಮೂಗಿಗೆ ಚಾದರದ ವಾಸನೆ ಬಡಿಯಿತು. ಅವನು ನಮ್ಮಿಬ್ಬರ ಮುಖ ನೋಡಿದ. "ನನ್ನ ಹೆಂಡ್ತಿ ಪಿಂಚಣಿನೂ ಅದೇ ಬೋಳಿಮಗನ ಕಂಪನೀಲಿತ್ತು," ಎಂದು ಮೆಲ್ಲಗೆ ಹೇಳಿ ಬಾಗಿಲು ತೆರೆದ.

ಮಂತ್ರಿ ಕಿಟಕಿಯ ಬಳಿ ಕುರ್ಚಿಯಲ್ಲಿದ್ದ. ಎದುರಿಗೆ ತನಿಖಾಧಿಕಾರಿ. ನಡುವೆ ಇಸ್ಪೀಟು. ದೊಡ್ಡಕ್ಕ ಯಾರನ್ನೂ ನೋಡದೆ ಹಾಸಿಗೆಯ ಮೇಲೆ ಚಾದರ ಕೊಡವಿ ಹಾಸಿದಳು, ಮೂಲೆಗಳನ್ನು ಬಿಗಿಯಾಗಿ ಒಳಗೆ ಸಿಕ್ಕಿಸಿದಳು.

"ಏನೇ ಇದು? ಒಗೆದೇ ಇಲ್ಲ!" ಮಂತ್ರಿ ಎದ್ದು ನಿಂತ.

"ಒಗೀಲೇಬೇಕು ಅನ್ನೋ ನಿಯಮ ತೆಗೆದುಬಿಟ್ವಿ ಸ್ವಾಮಿ."

"ಯಾವಳು ತೆಗೆದದ್ದು?"

"ನಾವೇ. ಒಗೆಯೋರೂ ನಾವೇ, ಒಗೆದಿದೆಯಾ ಅಂತ ನೋಡೋರೂ ನಾವೇ. ನಿಮ್ಮನೆ ವ್ಯವಹಾರದ ಹಂಗೇ."

ತನಿಖಾಧಿಕಾರಿ ಅವಸರದಲ್ಲಿ ತನ್ನ ಎಲೆಗಳನ್ನು ಬೋರಲು ಹಾಕಿದ. ಕೂಗು ಕೇಳಿ ಬಂದ ಮೇಲ್ವಿಚಾರಕ ದೊಡ್ಡಕ್ಕನ ರಟ್ಟೆ ಹಿಡಿದು ಹೊರಗೆಳೆದ. "ಹೋಗ್ತಾ ಇರು! ಇವತ್ತೇ ನಿನ್ನ ಕೆಲಸ ಹೋಯ್ತು!"

"ಹೋಗೋಕೆ ಇನ್ನೇನು ಉಳಿದಿತ್ತೋ ಮಗನೇ," ಎಂದು ಅವಳು ತೋಳು ಕೊಡವಿಕೊಂಡಳು.

ದೊಡ್ಡಕ್ಕನ ಜೊತೆ ಕೆಳಗೆ ಬಂದು ನಾನು ಸುದ್ದಿ ಹೇಳಿದೆ. ಯಾರೂ ಚರ್ಚೆ ಮಾಡಲಿಲ್ಲ. ಒಬ್ಬೊಬ್ಬರಾಗಿ ಯಂತ್ರಗಳನ್ನು ನಿಲ್ಲಿಸಿದರು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅಲ್ಲಿ ನಲ್ಲಿ ತೊಟ್ಟಿಕ್ಕುವ ಸದ್ದು ಕೇಳಿಸಿತು. ಹೆರಿಗೆ ವಾರ್ಡಿನ ಗಂಟು ಬಂದಾಗ ಮಾತ್ರ ದೊಡ್ಡಕ್ಕ ತಡೆಯಲಾಗದೆ, "ಕೂಸುಗಳೇನು ಮಾಡಿದ್ವೇ?" ಎಂದು ತೊಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ನಾವೂ ಕೂತೆವು. ಕೈಯಲ್ಲೇ ಉಜ್ಜತೊಡಗಿದೆವು.

ಸಂಜೆಯ ಹೊತ್ತಿಗೆ ಮೇಲ್ವಿಚಾರಕ ಮೆಟ್ಟಿಲ ಮೇಲೆ ನಿಂತು, ಕೆಳಗಿಳಿಯುವ ಧೈರ್ಯವಿಲ್ಲದೆ ಅಲ್ಲಿಂದಲೇ ಕೂಗುತ್ತಿದ್ದ: "ನಾಲ್ಕನೇ ಮಹಡಿಗೆ ಒಂದು ಚಾದರ! ಒಂದೇ ಒಂದು ಕೊಡ್ರಮ್ಮ!"

ಹನ್ನೊಂದು ತಲೆಗಳಲ್ಲಿ ಒಂದೂ ಮೇಲೇಳಲಿಲ್ಲ.